ನಕ್ಷೆಗೆ ಅಂಕ ಕೊಡುತ್ತೇನೆ, ಭವಿಷ್ಯವಾಣಿಗೆ ಇಲ್ಲ: ಪೂರೈಕೆ ಸರಪಳಿಯ ಎಐ ತಂತ್ರಾಂಶ ಬಳಸಿದ ಅನುಭವ

ಪೂರೈಕೆ ಸರಪಳಿಯ ಎಐ ತಂತ್ರಾಂಶ ಕೊಳ್ಳಬೇಕೇ ಬೇಡವೇ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಯಾರಿಗೆ ಯಾರು ಮಾಲು ಕೊಡುತ್ತಾರೆ ಎಂಬ ನಕ್ಷೆ ಬೇಕಿದ್ದರೆ ಕೊಳ್ಳಿ, ಮುಂದಾಗುವುದನ್ನು ಹೇಳುತ್ತದೆ ಎಂದು ನಂಬಿ ಕೊಳ್ಳಬೇಡಿ. ಎಲೆಕ್ಟ್ರಾನಿಕ್ ಉಪಕರಣ ತಯಾರಿಸುವ ಕಂಪನಿಯ ಖರೀದಿ ವಿಭಾಗದಲ್ಲಿ, ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲಿನ ದಾಳಿಯ ಗಲಾಟೆ ಶುರುವಾಗುವುದಕ್ಕೂ ಮುಂಚಿನಿಂದ ಇದನ್ನು ಬಳಸುತ್ತಿದ್ದೇವೆ. ಮಾರಲು ಬಂದವರು ಕೊಂಡಾಡಿದ್ದು ಒಂದು ಸೌಲಭ್ಯವನ್ನು, ನಮ್ಮ ಕೈಹಿಡಿದದ್ದು ಇನ್ನೊಂದು.

ನಮ್ಮ ಪೂರೈಕೆದಾರರ ಪಟ್ಟಿ ಕೊಟ್ಟರೆ ಸಾಕು. ಬಿಲ್ ಆಫ್ ಲೇಡಿಂಗ್ (ಹಡಗಿಗೆ ಹೇರಿದ ಸರಕಿನ ರಸೀದಿ), ಕಸ್ಟಮ್ಸ್ ದಾಖಲೆ, ವಾರ್ಷಿಕ ವರದಿ, ಸುದ್ದಿ ಎಲ್ಲವನ್ನೂ ಜಾಲಾಡಿ, ಅವರಿಗೆ ಮಾಲು ಕೊಡುವವರು ಯಾರು, ಆ ಕೊಡುವವರಿಗೆ ಕೊಡುವವರು ಯಾರು ಎಂದು ಗೆರೆ ಎಳೆಯುತ್ತಾ ಹೋಗುತ್ತದೆ. ಒಂದೇ ಕಾರ್ಖಾನೆಯ ಹೆಸರು ಹತ್ತು ದಾಖಲೆಗಳಲ್ಲಿ ಹತ್ತು ಬಗೆಯ ಕಾಗುಣಿತದಲ್ಲಿರುತ್ತದೆ. ಅವೆಲ್ಲ ಒಂದೇ ಎಂದು ಗುರುತಿಸುವ ಬೇಸರದ ಕೆಲಸದಲ್ಲಿ ಇದನ್ನು ಮೀರಿಸಿದ್ದು ನಾನು ಕಂಡಿಲ್ಲ.

ಒಂದು ಬಿಡಿಭಾಗವನ್ನು ಎರಡು ದೇಶಗಳ ಇಬ್ಬರು ಪೂರೈಕೆದಾರರಿಂದ ಕೊಳ್ಳುತ್ತಿದ್ದೆವು. ಒಬ್ಬರು ಕೈಕೊಟ್ಟರೆ ಇನ್ನೊಬ್ಬರಿದ್ದಾರೆ ಎಂಬ ಧೈರ್ಯ. ನಕ್ಷೆಯಲ್ಲಿ ಮೂರನೇ ಹಂತಕ್ಕೆ ಇಳಿದಾಗ ಎರಡೂ ಗೆರೆಗಳು ರಾಳ ತಯಾರಿಸುವ ಒಂದೇ ಕಾರ್ಖಾನೆಗೆ ಹೋಗಿ ಕೂಡಿಕೊಂಡಿದ್ದವು. ಫೋನ್ ಮಾಡಿ ಕೇಳಿದೆವು. ಒಬ್ಬರು ಒಪ್ಪಿಕೊಂಡರು, ಇನ್ನೊಬ್ಬರು ವ್ಯಾಪಾರದ ಗುಟ್ಟು ಎಂದು ಮಾತು ಹಾರಿಸಿದರು. ನಮಗೆ ಅಷ್ಟೇ ಸಾಕಿತ್ತು: ಆ ರಾಳದಿಂದಾಗುವ ಬಿಡಿಭಾಗದ ದಾಸ್ತಾನು ಹೆಚ್ಚಿಸಿದೆವು.

ಇದು ಹೊಸ ಕಾಯಿಲೆಯೇನಲ್ಲ. 2011ರಲ್ಲಿ ಜಪಾನಿನ ಭೂಕಂಪ ಮತ್ತು ಸುನಾಮಿಯಲ್ಲಿ ಜರ್ಮನಿಯ ರಾಸಾಯನಿಕ ಕಂಪನಿ ಮರ್ಕ್‌ನ ಒನಹಾಮಾ ಕಾರ್ಖಾನೆ ನಿಂತಿತು. ಕಾರಿನ ಬಣ್ಣಕ್ಕೆ ಮಿನುಗು ಕೊಡುವ ಕ್ಸಿರಾಲಿಕ್ ಎಂಬ ವರ್ಣದ್ರವ್ಯ ತಯಾರಾಗುತ್ತಿದ್ದುದು ಆಗ ಅಲ್ಲಿ ಮಾತ್ರ. ಸಾವಿರಾರು ಮೈಲಿ ದೂರದ ಫೋರ್ಡ್ ಕೆಲವು ಕಪ್ಪು, ಕೆಂಪು ಬಣ್ಣಗಳ ಕಾರಿಗೆ ಆರ್ಡರ್ ಪಡೆಯುವುದನ್ನು ಮಿತಿಗೊಳಿಸಬೇಕಾಯಿತು. ಇಂಥ ಒಂಟಿ ಗಂಟುಗಳನ್ನು ಹುಡುಕಿಕೊಡುವುದೇ ಈ ತಂತ್ರಾಂಶದ ನಿಜವಾದ ಬೆಲೆ.

ಆದರೆ ಎಲ್ಲ ಗೆರೆಯನ್ನೂ ನಂಬುವಂತಿಲ್ಲ. ದಾಖಲೆಯಲ್ಲಿ ಕಂಡ ಸಂಬಂಧಕ್ಕೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ಚುಕ್ಕೆ ಗೆರೆ. ಮೊದಮೊದಲು ಎರಡೂ ಒಂದೇ ಥರ ಕಾಣುತ್ತಿದ್ದವು. ಬಳಕೆದಾರರು ಪಟ್ಟು ಹಿಡಿದ ಮೇಲೆ ತಯಾರಕರು ಬೇರ್ಪಡಿಸಿದರು. ಊಹೆ ಎಲ್ಲಿ ಎಡವುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ: ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸಲು ಬಳಸುವ ಎಚ್‌ಎಸ್ ಕೋಡ್‌ಗಳಲ್ಲಿ 392690 ಎಂದರೆ ಪ್ಲಾಸ್ಟಿಕ್‌ನ ‘ಇತರೆ’ ವಸ್ತುಗಳು. ಬೇರೆಲ್ಲೂ ಸೇರದ ಪ್ಲಾಸ್ಟಿಕ್ ಸಾಮಾನೆಲ್ಲ ಬಂದು ಬೀಳುವುದು ಅಲ್ಲಿಗೇ. ಈ ಕೋಡ್ ಹೊಂದಿತು ಎಂಬ ಒಂದೇ ಕಾರಣಕ್ಕೆ, ಬಟ್ಟೆ ಹ್ಯಾಂಗರ್ ಮಾಡುವ ಕಂಪನಿಯೊಂದನ್ನು ನಮ್ಮ ಸರ್ಕ್ಯೂಟ್ ಪೆಟ್ಟಿಗೆಯ ಮೂಲ ಎಂದು ತೋರಿಸಿತ್ತು. ಅಮೆರಿಕಕ್ಕೆ ಸಮುದ್ರದ ಮೂಲಕ ಹೋಗುವ ಸರಕಿನ ವಿವರ ಖರೀದಿಗೆ ಸಿಗುತ್ತದೆ, ಹಾಗಾಗಿ ಆ ಭಾಗದ ನಕ್ಷೆ ನಿಚ್ಚಳ. ಒಂದು ದೇಶದೊಳಗೆ ಲಾರಿಯಲ್ಲಿ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗುವ ಮಾಲು? ಅಲ್ಲಿ ಬಹುತೇಕ ಕತ್ತಲೆ.

ಎಚ್ಚರಿಕೆ ಸಂದೇಶಗಳ ವಿಷಯದಲ್ಲಿ ನನ್ನದು ಮಿಶ್ರ ಅಭಿಪ್ರಾಯ. ನಿಧಾನವಾಗಿ ಬರುವ ಸಂಕಟವನ್ನು ಚೆನ್ನಾಗಿ ಹಿಡಿಯುತ್ತದೆ. 2023ರಲ್ಲಿ ಬರದಿಂದ, ಕಾಲುವೆಗೆ ನೀರೊದಗಿಸುವ ಗಾಟುನ್ ಸರೋವರದ ನೀರು ಇಳಿದು, ದಿನಕ್ಕೆ ಸುಮಾರು 36 ಹಡಗು ದಾಟುತ್ತಿದ್ದ ಪನಾಮಾ ಕಾಲುವೆಯಲ್ಲಿ ಮಿತಿ ಹಂತಹಂತವಾಗಿ 24ರ ಆಸುಪಾಸಿಗೆ ಇಳಿದಾಗ, ನಮ್ಮ ಯಾವ ಮಾಲು ತಡವಾಗಬಹುದು ಎಂದು ಮುಂಚೆಯೇ ತಿಳಿಸಿತ್ತು. ಹಠಾತ್ ಆಘಾತ ಬಂದಾಗ ಮಾತ್ರ ಸಂದೇಶಗಳ ಸುರಿಮಳೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸೇತುವೆ ಕುಸಿದು ಬಂದರಿನ ದಾರಿ ಮುಚ್ಚಿದ ದಿನ, ಆ ಬಂದರಿಗೂ ನಮಗೂ ಎಂದೋ ಒಮ್ಮೆ ನಂಟಿತ್ತು ಎಂಬ ನೆಪಕ್ಕೆ ಇಡೀ ಪಟ್ಟಿಗೆ ಕೆಂಪು ಬಣ್ಣ ಬಳಿದಿತ್ತು. ಜಿಪಿಎಸ್ ಸಂಕೇತ ಕೆಡಿಸುವ ಕಡೆಗಳಲ್ಲಿ ಹಡಗು ಮರುಭೂಮಿಯ ನಡುವೆ ಲಂಗರು ಹಾಕಿದಂತೆಯೂ ತೋರಿಸುತ್ತದೆ. ನಗಬೇಕೋ ಅಳಬೇಕೋ ತಿಳಿಯದು.

ಸುಂಕದ ಮುನ್ಸೂಚನೆಯ ವಿಭಾಗವನ್ನು ನಾವು ಮುಚ್ಚಿಯೇ ಇಟ್ಟಿದ್ದೇವೆ. 2025ರ ಏಪ್ರಿಲ್ 2ರಂದು ಘೋಷಣೆಯಾದ ಅಮೆರಿಕದ ಸುಂಕಗಳ ಹೆಚ್ಚಿನ ಭಾಗಕ್ಕೆ ಅದೇ 9ರಂದು 90 ದಿನಗಳ ತಡೆ ಬಿತ್ತು. ಹಳೆಯ ಅಂಕಿಅಂಶಗಳಿಂದ ಕಲಿತ ಯಂತ್ರ ಇದನ್ನು ಹೇಗೆ ಹೇಳೀತು? ಇಂತಿಷ್ಟು ಸುಂಕ ಬಿದ್ದರೆ ಯಾವ ಬಿಡಿಭಾಗಕ್ಕೆ ಎಷ್ಟು ಪೆಟ್ಟು ಎಂಬ ಲೆಕ್ಕ ಮಾತ್ರ ಅಚ್ಚುಕಟ್ಟಾಗಿ ಬರುತ್ತದೆ, ಅದನ್ನು ಬಳಸುತ್ತೇವೆ.

ದೊಡ್ಡ ತಕರಾರು ಚಂದಾದ್ದು. ಪೂರೈಕೆದಾರರ ಸಂಖ್ಯೆ ಹೆಚ್ಚಿದಷ್ಟೂ ದರ ಏರುತ್ತದೆ. ಹಣ ಉಳಿಸಲು ಸಹಜವಾಗಿಯೇ ಎಲ್ಲರೂ ಕೈಬಿಡುವುದು ಸಣ್ಣವರನ್ನು. ಒಂದು ಸ್ಪ್ರಿಂಗ್, ಒಂದು ಅಂಟು ಕೊಡುವ ಆ ಸಣ್ಣವರೇ ಮೊದಲು ಬಾಗಿಲು ಹಾಕುವವರು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಈ ದರದ ಬಗ್ಗೆ ಚೌಕಾಸಿ ಮಾಡಿ. ಜೊತೆಗೆ, ಚಂದಾ ನಿಲ್ಲಿಸಿದರೂ ನೀವೇ ಫೋನ್ ಮಾಡಿ ಖಚಿತಪಡಿಸಿಕೊಂಡ ಗೆರೆಗಳು ನಿಮ್ಮ ಕೈಗೆ ಸಿಗಬೇಕು ಎಂಬ ಷರತ್ತನ್ನು ಬರವಣಿಗೆಯಲ್ಲೇ ಪಡೆಯಿರಿ. ನಮ್ಮ ಮೊದಲ ಒಪ್ಪಂದದಲ್ಲಿ ಆ ಷರತ್ತು ಇರಲಿಲ್ಲ. ನವೀಕರಣದ ವೇಳೆ ಸೇರಿಸಿಕೊಂಡೆವು.