ಶಿರಸಿ ಯಲ್ಲಾಪುರ ನಾಕಾ ಹತ್ರದ ಡೇ ಕೇರ್, ಅಕ್ಕೋರು ಕೆಲಸ ಬಿಡೋದನ್ನ ಹೇಳಿದ ರೀತಿಗೇ ಫುಲ್ ಮಾರ್ಕ್ಸ್

ಮಗಳನ್ನ ನೋಡ್ಕೊಳ್ತಿದ್ದ ಅಕ್ಕೋರು ಕೆಲಸ ಬಿಡ್ತಾರೆ ಅಂತ ಗೊತ್ತಾದಾಗ ನಿಜವಾಗ್ಲೂ ತುಂಬಾ ಬೇಜಾರಾಯ್ತು, ಆದ್ರೆ ಅವ್ರು ವಾಟ್ಸಾಪ್ ಗ್ರೂಪಲ್ಲಿ ಒಂದ್ ಮೆಸೇಜ್ ಹಾಕಿ ಮುಗಿಸ್ಲಿಲ್ಲ, ಮೊದ್ಲು ಡೇ ಕೇರ್ ನಡೆಸೋ ಮೇಡಂಗೆ ಹೇಳಿ ಆಮೇಲೆ ಸಂಜೆ ಮಗು ಕರ್ಕೊಂಡು ಹೋಗೋಕೆ ಬಂದಾಗ ಒಬ್ಬೊಬ್ರನ್ನೇ ಪಕ್ಕಕ್ಕೆ ಕರ್ದು ಹೇಳಿದ್ರು, ಅದೂ ಒಂದು ತಿಂಗಳು ಮೊದ್ಲೇ. ಮಕ್ಕಳಿಗೆ ಈಗ್ಲೇ ಹೇಳ್ಬೇಡಿ, ಮುಂದಿನ ತಿಂಗಳು ಅಂದ್ರೆ ಆ ವಯಸ್ಸಿಗೆ ತಿಳಿಯಲ್ಲ, ಸುಮ್ನೆ ಹೆದರ್ತಾವೆ, ಕೊನೇ ವಾರದಲ್ಲಿ ನಾನೇ ಹೇಳ್ತೀನಿ ಅಂದ್ರು. ಎಷ್ಟು ಸರಿಯಾದ ಮಾತು!

ಹೊಸ ಅಕ್ಕೋರು ಅಷ್ಟರಲ್ಲೇ ಬಂದು ಜೊತೆಗೇ ಕೆಲಸ ಮಾಡಿದ್ರು. ಯಾರಿಗೆ ತೆಳ್ಳೇವು (ತೆಳು ದೋಸೆ) ಬೆಲ್ಲ ಬೇಕು, ಯಾರಿಗೆ ಬೆನ್ನು ತಟ್ಟಿದ್ರೆ ಮಾತ್ರ ನಿದ್ದೆ, ಯಾರಿಗೆ ಶೇಂಗಾ ಆಗಲ್ಲ, ಎಲ್ಲಾ ಬರ್ದು ಕೊಟ್ಟಿದ್ರು. ಮುಂಚೆ ಬೇರೆ ಕಡೆ ಬಿಡ್ತಿದ್ವಿ, ಅಲ್ಲಿ ಸೋಮವಾರ ಹೋದ್ರೆ ಆಯಾ ಇಲ್ಲ, ಯಾಕೆ ಅಂತ ಹೇಳೋರೂ ಇಲ್ಲ, ಮಗು ವಾರಗಟ್ಲೆ ಬಾಗಿಲಲ್ಲೇ ಅಳ್ತಿತ್ತು.

ಈ ಕೆಲಸಕ್ಕೆ ಸಂಬಳ ಇನ್ನೂ ಜಾಸ್ತಿ ಕೊಡ್ಬೇಕು ಅನ್ನೋದು ನನ್ನ ಅಭಿಪ್ರಾಯ, ಫೀಸ್ ಸ್ವಲ್ಪ ಏರಿಸಿದ್ರೂ ಕೊಡ್ತೀವಿ. ಜಾಗ ಕ್ಲೀನಾಗಿದೆ, ಆಟದ ಸಾಮಾನು ಸಾಕಷ್ಟಿದೆ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಕಟ್ಟಿ ಜಾರತ್ತೆ, ಅದನ್ನ ಮಾತ್ರ ಬೇಗ ಸರಿ ಮಾಡ್ಸಿ.