ಪೀಪಾಯಿ ಇಲ್ಲದವರ ಓಕ್: ಚಿಪ್ಸೋ, ಕ್ಯೂಬ್ಸೋ?

ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ದ್ರಾಕ್ಷಿ ಕಾಲ ಬಂದರೆ ಲೋಡೈ ಕಡೆಗೆ ಹೋಗಿ ಜಿನ್‌ಫ್ಯಾಂಡೆಲ್ ಅನ್ನುವ ಕಪ್ಪು ದ್ರಾಕ್ಷಿ ತಂದು ಗ್ಯಾರೇಜಿನಲ್ಲಿ ವೈನ್ ಮಾಡುತ್ತೇವೆ. ಗಂಡ ಹೆಂಡತಿ ಇರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಾಡಲು ಇಲ್ಲಿನ ಕಾನೂನು ಬಿಡುತ್ತದೆ, ಮಾರುವ ಹಾಗಿಲ್ಲ ಅಷ್ಟೇ. ನಮ್ಮದು ಬರೀ 10 ಗ್ಯಾಲನ್, ಸುಮಾರು 38 ಲೀಟರ್. ವೈನರಿಗಳು ಮರದ ರುಚಿ ಬರಲೆಂದು ವೈನ್ ತುಂಬಿಡುವ 225 ಲೀಟರಿನ ಓಕ್ ಮರದ ಪೀಪಾಯಿಯ ಕಾಲು ಭಾಗವೂ ತುಂಬುವುದಿಲ್ಲ. ಹಾಗಾಗಿ ಹೋದ ಸಲ ಮರವನ್ನೇ ವೈನಿನೊಳಗೆ ಹಾಕಿದೆವು. 19 ಲೀಟರಿನ ಒಂದು ಗಾಜಿನ ಜಾಡಿಗೆ ಚಿಪ್ಸ್, ಇನ್ನೊಂದಕ್ಕೆ ಕ್ಯೂಬ್ಸ್.

ಚಿಪ್ಸ್ ಅಂದರೆ ತೆಳ್ಳಗಿನ ಚಕ್ಕೆ. ಅಗ್ಗ. ಆದರೆ ಪೊಟ್ಟಣದ ಮೇಲೆ 'ಅಮೆರಿಕನ್ ಓಕ್' ಅಂತ ಮಾತ್ರ ಇತ್ತು. ಮರವನ್ನು ಎಷ್ಟು ಸುಟ್ಟಿದ್ದಾರೆ, ಎಷ್ಟು ಹಾಕಬೇಕು, ಏನೂ ಬರೆದಿರಲಿಲ್ಲ. ರುಚಿ ಬರುವುದೇ ಆ ಸುಡುವ ಹದದಿಂದ ಅಲ್ವಾ? ನಾನು ಧೈರ್ಯ ಮಾಡಿ 100 ಗ್ರಾಂ ಅಷ್ಟನ್ನೂ ಸುರಿದೆ. ತೆಳು ಚಕ್ಕೆ ಬೇಗ ರಸ ಬಿಡುತ್ತದೆ ಅನ್ನುವುದು ಮರೆತೇಹೋಗಿತ್ತು. ಮೂರು ವಾರ ಬಿಟ್ಟು ನೋಡಿದರೆ ಸಾಮಿಲ್ ವಾಸನೆ, ಮೇಲೊಂದಿಷ್ಟು ಕೊಬ್ಬರಿ ಮಿಠಾಯಿ. ಬಾಯಲ್ಲಿ ಎಳೆ ಅಡಿಕೆ ಅಗಿದಷ್ಟು ಒಗರು. ಬೇರೆ ಜಾಡಿಗೆ ಇಳಿಸಲು ಹೋದರೆ ಪೈಪಿಗೆ ಚಕ್ಕೆ ಸಿಕ್ಕಿಕೊಂಡಿತು. ಅರ್ಧ ತಪ್ಪು ನನ್ನದೇ, ಒಪ್ಪುತ್ತೇನೆ.

ಕ್ಯೂಬ್ಸ್ ಅಂದರೆ ದಪ್ಪ ಚೌಕ ತುಂಡು. ನಮ್ಮವು ಫ್ರೆಂಚ್ ಓಕಿನವು, ಮೀಡಿಯಂ ಟೋಸ್ಟ್, ಅಂದರೆ ಮಧ್ಯಮ ಹದಕ್ಕೆ ಸುಟ್ಟಿದ್ದು. 60 ಗ್ರಾಂ ತೂಗಿ ಬಟ್ಟೆ ಚೀಲದಲ್ಲಿ ಕಟ್ಟಿ, ದಾರ ಹೊರಗಿಟ್ಟು ಇಳಿಬಿಟ್ಟೆವು. ಮರದ ಒಳಗಿನವರೆಗೆ ವೈನ್ ಹೋಗಬೇಕು, ಅದಕ್ಕೇ ಇದು ನಿಧಾನ. ಮೊದಲ ತಿಂಗಳು ಏನೂ ಗೊತ್ತಾಗಲಿಲ್ಲ. ನಮ್ಮೆಜಮಾನರು "ಸುಮ್ನೆ ದುಡ್ಡು ದಂಡ" ಅಂತ ಗೊಣಗಿದರು. ಆಮೇಲೆ ವಾರಕ್ಕೊಂದು ಚಮಚ ರುಚಿ ನೋಡುತ್ತಾ ಬಂದೆ. ಎಂಟನೇ ವಾರಕ್ಕೆ ಲವಂಗದ ಘಮ, ಹಿಂದೆಯೇ ಸ್ವಲ್ಪ ವೆನಿಲಾ. ಹಣ್ಣಿನ ರುಚಿ ಮುಚ್ಚಿಹೋಗಿರಲಿಲ್ಲ. ಹತ್ತನೇ ವಾರ ಚೀಲ ಎಳೆದು ತೆಗೆದೆ.

ಪೀಪಾಯಿಯ ಕೆಲಸವನ್ನೆಲ್ಲಾ ಇದು ಮಾಡುವುದಿಲ್ಲ. ಅಲ್ಲಿ ಮರದ ಮೂಲಕ ಚೂರುಚೂರೇ ಗಾಳಿ ಆಡಿ ವೈನ್ ಮೆತ್ತಗಾಗುತ್ತದೆ. ಗಾಜಿನಲ್ಲಿ ಆ ಭಾಗ್ಯ ಇಲ್ಲ, ನಮ್ಮದು ಇನ್ನೂ ಸ್ವಲ್ಪ ಒರಟಾಗೇ ಇದೆ. ಚಿಪ್ಸ್‌ಗಿಂತ ಬೆಲೆಯೂ ಜಾಸ್ತಿಯೇ. ಆದರೂ ಮುಂದಿನ ಸಲ ಎರಡೂ ಜಾಡಿಗೆ ಕ್ಯೂಬ್ಸೇ.

ಬಳಸಿದ ತುಂಡುಗಳನ್ನು ಎಸೆಯಬೇಡಿ. ಒಣಗಿಸಿ ಇದ್ದಿಲ ಜೊತೆ ಹಾಕಿ ಬದನೆಕಾಯಿ ಸುಟ್ಟೆವು. ಆ ಗೊಜ್ಜು ಮಾತ್ರ ವೈನಿಗಿಂತ ಬೇಗ ಖಾಲಿ.