ಅತ್ತೆಯ ಗಾಳಿ ಹಾಸಿಗೆ: ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ

ಅತ್ತೆಗೆ ಬೆಡ್ ಸೋರ್ (ಮಲಗಿದಲ್ಲೇ ಒತ್ತಿ ಆಗುವ ಹುಣ್ಣು) ಆಗದಿರಲೆಂದು ಹತ್ತಿ ಹಾಸಿಗೆ ಮೇಲೆ ಹಾಸಿರುವ, ಪಂಪ್‌ನಿಂದ ಗಾಳಿ ತುಂಬುವ ಈ ಏರ್ ಬೆಡ್ ಮೇಲೆ ನನಗಿರುವ ಸಿಟ್ಟು ಒಂದೇ. ಗಾಳಿ ಇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಪಂಪ್ ನಿಂತರೂ ಪೈಪ್ ಕಳಚಿದರೂ ಕೂಗುವುದಿಲ್ಲ, ಕೆಂಪು ದೀಪ ಹತ್ತುವುದಿಲ್ಲ. ಮೇಲೆ ಹಾಸಿದ ಬೆಡ್‌ಶೀಟ್ ನೀಟಾಗೇ ಇರುತ್ತದೆ, ಕೆಳಗೆ ಮಾತ್ರ ಅತ್ತೆಯ ಸೊಂಟ ಹಳೇ ಹತ್ತಿ ಹಾಸಿಗೆಗೆ ಅದುಮಿಕೊಂಡಿರುತ್ತದೆ. ಅಲುಗಾಡಲಾಗದವರಿಗೆಂದೇ ಮಾಡಿದ ವಸ್ತುವಿಗೆ ಇಷ್ಟೂ ಇರಬೇಡವೇ?

ನಾವಿರುವುದು ಮಂಡ್ಯದಲ್ಲಿ. ಸ್ಟ್ರೋಕ್ ಆದಮೇಲೆ ಅತ್ತೆಗೆ ಬಲಗಡೆ ಸ್ವಾಧೀನವಿಲ್ಲ, ತಾವಾಗಿ ಮಗ್ಗುಲು ಬದಲಿಸಲಾರರು. ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ದಿನಕ್ಕೆ ಬೆನ್ನುಮೂಳೆಯ ತುದಿಯಲ್ಲಿ ಕೆಂಪು ಕಲೆ ಕಂಡಿತು. ಬೆರಳಿಂದ ಒತ್ತಿ ಬಿಟ್ಟರೆ ಅಲ್ಲಿ ಬಿಳಿಚಿಕೊಳ್ಳಬೇಕು. ಹಾಗಾಗದೆ ಕೆಂಪಗೇ ಉಳಿದರೆ ಬೆಡ್ ಸೋರ್‌ನ ಮೊದಲ ಹಂತ ಎಂದು ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಹುಡುಗಿ ತೋರಿಸಿಕೊಟ್ಟಳು. ಮೈಬಣ್ಣ ಕಪ್ಪಾಗಿರುವವರಲ್ಲಿ ಈ ಕೆಂಪು ಸರಿಯಾಗಿ ಕಾಣುವುದೂ ಇಲ್ಲ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ಅಂತ ಕೈಯಲ್ಲೇ ಮುಟ್ಟಿ ನೋಡಬೇಕು. ಮಾರನೇ ದಿನವೇ ನನ್ನ ಯಜಮಾನರು ಮೈಸೂರಿಗೆ ಹೋಗಿ ಕೆ.ಆರ್. ಆಸ್ಪತ್ರೆ ಸುತ್ತಮುತ್ತಲ ಸರ್ಜಿಕಲ್ ಅಂಗಡಿಗಳಲ್ಲಿ ವಿಚಾರಿಸಿ ಗಾಳಿ ಗುಳ್ಳೆಗಳಿರುವ ಈ ಬಬಲ್ ಹಾಸಿಗೆ ತಂದರು. ₹2,500ರ ಆಸುಪಾಸು. ಉದ್ದುದ್ದ ಕೊಳವೆಗಳಿರುವ ಇನ್ನೊಂದು ಬಗೆಗೆ ಅದರ ಎರಡು ಪಟ್ಟಿಗೂ ಮೇಲೆ ಹೇಳಿದರು. ಆಗಷ್ಟೇ ಆಸ್ಪತ್ರೆ ಬಿಲ್ ಕಟ್ಟಿದ್ದ ಕೈ ನಮ್ಮದು.

ಬಬಲ್‌ಗಳಲ್ಲಿ ಎರಡು ಗುಂಪು, ಪಂಪ್‌ನಿಂದ ಎರಡು ಪೈಪ್. ಒಂದು ಗುಂಪು ಉಬ್ಬಿದಾಗ ಇನ್ನೊಂದು ಇಳಿಯುತ್ತದೆ, ಕೆಲವು ನಿಮಿಷಕ್ಕೊಮ್ಮೆ ಅದಲುಬದಲು. ಒಂದೇ ಜಾಗ ಹೊತ್ತುಗಟ್ಟಲೆ ಒತ್ತಿಕೊಂಡಿದ್ದರೆ ಅಲ್ಲಿಗೆ ರಕ್ತ ಹರಿಯದೆ ಮಾಂಸ ಸಾಯುತ್ತದೆ. ಅದನ್ನು ತಪ್ಪಿಸುವುದೇ ಇದರ ಕೆಲಸ. ಗಾಳಿ ನಿಂತರೆ ಆ ಕೆಲಸವೂ ನಿಂತಂತೆ.

ಮೊದಲ ಬೇಸಿಗೆಯಲ್ಲೇ ಇದರ ಬಣ್ಣ ಬಯಲಾಯಿತು. ಏಪ್ರಿಲ್-ಮೇ ಮಳೆ ಗಾಳಿಗೆ ರಾತ್ರಿ ಕರೆಂಟ್ ಹೋಗುತ್ತದೆ. ಯುಪಿಎಸ್ ಇರುವುದರಿಂದ ಫ್ಯಾನ್ ತಿರುಗುತ್ತಲೇ ಇರುತ್ತದೆ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಪಂಪ್ ಹಾಕಿದ್ದ ಪ್ಲಗ್ ಮಾತ್ರ ಯುಪಿಎಸ್ ಲೈನಿನಲ್ಲಿರಲಿಲ್ಲ. ಒಂದು ರಾತ್ರಿ ಅತ್ತೆಯೇ ಕೂಗಿದರು: "ಏನವ್ವಾ, ಗಾಳಿ ನಿಂತೋಗದೆ ಕನವ್ವಾ, ಬೆನ್ನು ಒತ್ತತಾ ಅದೆ." ಎಡಗಡೆ ಸ್ಪರ್ಶ ಚೆನ್ನಾಗಿರುವುದಕ್ಕೆ ಅವರಿಗೆ ಗೊತ್ತಾಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ಪರ್ಶವೇ ಇಲ್ಲದವರ ಗತಿ ಏನು? ಕಂಪನಿಗೆ ಫೋನ್ ಮಾಡಿದರೆ, ಅಲಾರಂ ಬೇಕಿದ್ದರೆ ದುಬಾರಿ ಮಾಡೆಲ್ ತಗೋಬೇಕಿತ್ತು ಎಂದರು. ಒಂದು ಪುಟ್ಟ ಬಜರ್‌ಗೆ ಎಷ್ಟಾದೀತು? ದುಡ್ಡು ಕಡಿಮೆ ಇರುವವರ ಮನೆಯಲ್ಲೂ ಹುಣ್ಣು ಅಷ್ಟೇ ಆಳಕ್ಕೆ ಇಳಿಯುತ್ತದೆ.

ಎಲೆಕ್ಟ್ರಿಷಿಯನ್ ಕರೆಸಿ ಆ ಪ್ಲಗ್ಗನ್ನು ಯುಪಿಎಸ್ ಲೈನಿಗೆ ಸೇರಿಸಿದೆವು. ಪಂಪ್ ಎಳೆಯುವುದು ಹತ್ತು ವ್ಯಾಟ್ ಒಳಗೆ, ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಎಂಟು ಯೂನಿಟ್ ದಾಟುವುದಿಲ್ಲ. ಗೃಹಜ್ಯೋತಿ ಬಂದ ಮೇಲೆ ನಮಗೆ ಅದರ ಲೆಕ್ಕವೂ ಹತ್ತಲಿಲ್ಲ. ಯುಪಿಎಸ್ ಇಲ್ಲದವರು ಕರೆಂಟ್ ಹೋದ ಕೂಡಲೇ ಎರಡೂ ಪೈಪ್‌ಗಳನ್ನು ಪಂಪ್‌ನಿಂದ ಕಿತ್ತು, ಮಡಚಿ, ರಬ್ಬರ್ ಬ್ಯಾಂಡ್ ಬಿಗಿದರೆ ಸ್ವಲ್ಪ ಹೊತ್ತು ಗಾಳಿ ನಿಲ್ಲುತ್ತದೆ. ಆದರೆ ಕರೆಂಟ್ ಹೋದದ್ದು ಗೊತ್ತಾಗಬೇಕಲ್ಲ.

ಪೈಪ್‌ನದು ಇನ್ನೊಂದು ಗೋಳು. ಪಂಪ್ ಮಂಚದ ಕಾಲ್ದೆಸೆಯಲ್ಲಿ ಕೊಕ್ಕೆಗೆ ನೇತಾಡುತ್ತದೆ. ನೆಲ ಒರೆಸುವಾಗ ಕೈ ತಗುಲಿದರೂ, ಬೆಡ್‌ಶೀಟ್ ಅಂಚನ್ನು ಒಳಗೆ ತುರುಕುವಾಗ ಎಳೆದರೂ ಪೈಪ್ ಕಳಚಿಕೊಳ್ಳುತ್ತದೆ. ಪಂಪ್ ಗುಂಯ್ ಅನ್ನುತ್ತಲೇ ಇರುವುದರಿಂದ ಎಲ್ಲ ಸರಿ ಇದೆ ಅಂತಲೇ ಅಂದುಕೊಳ್ಳುತ್ತೇವೆ.

ಹಾಗಾಗಿ ಈಗ ನಂಬಿರುವುದು ನನ್ನ ಅಂಗೈಯನ್ನು. ಬೆಳಿಗ್ಗೆ ಕಾಫಿಗೆ ಹಾಲು ಕಾಯಲಿಟ್ಟು ಬಂದು, ಅತ್ತೆಯ ಸೊಂಟದ ನೇರಕ್ಕೆ ಗಾಳಿ ಹಾಸಿಗೆಯ ಕೆಳಗೆ ಕೈ ತೂರಿಸುತ್ತೇನೆ. ಅಂಗೈ ಮೇಲ್ಮುಖ, ಬೆರಳು ಚಾಚಿ. ಕೈಗೂ ಅವರ ಮೂಳೆಗೂ ನಡುವೆ ಒಂದಿಂಚಿನಷ್ಟಾದರೂ ಗಾಳಿ ಇರಬೇಕು. ಮೂಳೆ ಕೈಗೆ ತಾಗಿದರೆ ಪಂಪ್‌ನ ಗುಂಡಿ ತಿರುಗಿಸಿ ಒತ್ತಡ ಏರಿಸುತ್ತೇನೆ. ತೀರಾ ಬಿಗಿಯಾಗಿದ್ದರೂ ತಪ್ಪೇ, ಹಲಗೆ ಮೇಲೆ ಮಲಗಿಸಿದ ಹಾಗೆ. ಒಂದೆರಡು ಸುತ್ತು ಕೈ ಅಲ್ಲೇ ಇಟ್ಟರೆ ಒಂದು ಸಾಲು ಮೆಲ್ಲಗೆ ಏಳುವುದು, ಪಕ್ಕದ್ದು ಕೂರುವುದು ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಅತ್ತೆ ಎದ್ದು, ರಾತ್ರಿ ನಿದ್ದೆ ಬಂತೋ ಇಲ್ಲವೋ, ಕನಸಲ್ಲಿ ಯಾರು ಬಂದಿದ್ದರು ಎಲ್ಲ ಹೇಳುತ್ತಾರೆ. ದಿನದಲ್ಲಿ ನಾವಿಬ್ಬರೇ ಮಾತಾಡುವ ಹೊತ್ತು ಅದು, ನನಗೆ ಬಹಳ ಬೇಕಾದ ಹೊತ್ತು. ರಾತ್ರಿ ಮಲಗುವ ಮುಂಚೆ ಯಜಮಾನರು ಇನ್ನೊಮ್ಮೆ ಕೈ ಹಾಕಿ ನೋಡುತ್ತಾರೆ.

ಹಾಸಿಗೆ ಮೇಲೆ ಒಂದೇ ಒಂದು ತೆಳು ಬಟ್ಟೆ. ಅತ್ತೆಯ ಹಳೇ ಕಾಟನ್ ಸೀರೆಗಳನ್ನೇ ಹರಿದು ಹಾಸುತ್ತೇನೆ, ಒಗೆದು ಒಗೆದು ಮೆದುವಾಗಿವೆ. ನೋಡಲು ಬಂದ ನೆಂಟರು "ಅಯ್ಯೋ, ಪ್ಲಾಸ್ಟಿಕ್ ಮೇಲೆ ಮಲಗಿಸಿದ್ದೀರಲ್ಲ" ಅಂತ ದಪ್ಪ ಕಂಬಳಿ ಹಾಸಲು ಬರುತ್ತಾರೆ. ಹಾಸಿದರೆ ಕೆಳಗಿನ ಬಬಲ್ ಇದ್ದೂ ಇಲ್ಲದಂತೆ. ಸೆಕೆಗಾಲದಲ್ಲಿ ಬೆವರುವುದು ನಿಜ. ಬೆವರಿದಾಗ ಒರೆಸಿ ಸೀರೆ ಬದಲಿಸುತ್ತೇನೆ, ಒದ್ದೆ ಚರ್ಮ ಬೇಗ ಕಿತ್ತುಬರುತ್ತದೆ. ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುವುದನ್ನು ಪೂರ್ತಿ ಬಿಟ್ಟಿದ್ದೇವೆ.

ಇಷ್ಟೆಲ್ಲ ಬೈದರೂ ಒಂದು ಮಾತು ಹೇಳಲೇಬೇಕು. ಆ ಕಲೆ ಮಾಯವಾಯಿತು, ಮತ್ತೆ ಬಂದಿಲ್ಲ. ಹಾಸಿಗೆ ಒಂದರಿಂದಲೇ ಅಲ್ಲ, ಹಗಲಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡುತ್ತೇವೆ. ಆದರೆ ರಾತ್ರಿ ಆ ಅಂತರವನ್ನು ಸ್ವಲ್ಪ ಹಿಗ್ಗಿಸಬಹುದು ಎಂದು ಚರ್ಮ ನೋಡಿಯೇ ಫಿಸಿಯೋ ಹೇಳಿದಳು, ಅದು ಸಾಧ್ಯವಾದದ್ದು ಈ ಹಾಸಿಗೆಯಿಂದ. ಮನೆಯವರೆಲ್ಲ ಸ್ವಲ್ಪವಾದರೂ ನಿದ್ದೆ ಕಂಡಿದ್ದೇವೆ.

ವೀಲ್‌ಚೇರಿಗೆ ತಂದ ಗಾಳಿ ಕುಶನ್ನಂತೂ ನಾನು ಅಂದುಕೊಂಡಿದ್ದಕ್ಕಿಂತ ಒಳ್ಳೆಯದಾಯಿತು. ಸಾಲುಸಾಲು ಕಪ್ಪು ರಬ್ಬರ್ ಗುಳ್ಳೆಗಳದ್ದು, ಕರೆಂಟಿನ ಹಂಗಿಲ್ಲ. ಹಾಸಿಗೆಗಿಂತ ಹೆಚ್ಚು ಬೆಲೆ ಕೊಟ್ಟೆವು, ಕೊಟ್ಟದ್ದಕ್ಕೆ ಬೇಸರವಿಲ್ಲ. ಮೊದಲು ಸ್ವಲ್ಪ ಹೊತ್ತಿಗೇ "ಮಲಗಿಸ್ಬುಡಿ" ಅನ್ನುತ್ತಿದ್ದ ಅತ್ತೆ ಈ ಸಲ ಅವರೆಕಾಯಿ ಕಾಲದಲ್ಲಿ ಬಿಸಿಲಿಗೆ ಜಗುಲಿಯಲ್ಲಿ ಕೂತು, ಮೊರ ತೊಡೆ ಮೇಲಿಟ್ಟುಕೊಂಡು ಎಡಗೈಯಲ್ಲೇ ಸೊಗಡಿನ ಕಾಯಿ ಸುಲಿದರು. ಅರ್ಧ ಗಂಟೆಗೊಮ್ಮೆ ಮುಂದಕ್ಕೆ ಬಾಗಿಸಿ ಭಾರ ಇಳಿಸುತ್ತೇವೆ. ಕುಶನ್‌ಗೂ ಅದೇ ಕೈ ಪರೀಕ್ಷೆ.

ಹಣ ಉಳಿಸಲು ನಡುವೆ ತೂತಿರುವ ರಿಂಗ್ ಕುಶನ್ ತರಬೇಡಿ. ತೂತಿನ ಅಂಚೇ ಒತ್ತಿ ಸುತ್ತಲೂ ರಕ್ತ ತಡೆಯುತ್ತದೆ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಗೆ ಕೊಡುವುದೂ ಬೇಡ. ಬೆಡ್ ಸೋರ್ ಕುರಿತ 2014ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಎರಡನ್ನೂ ಬಳಸಬೇಡಿ ಎಂದೇ ಇದೆ, ಆದರೂ ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ರಿಂಗನ್ನೇ.

ಈಗ ಹಾಸಿಗೆಗೆ ಅಲ್ಲಲ್ಲಿ ತೇಪೆ ಬಿದ್ದಿದೆ, ಒಂದು ಪಿನ್ನಿನಿಂದ ಆದದ್ದು. ಪೈಪ್‌ಗಳು ಗಟ್ಟಿಯಾಗಿ ತುದಿ ಸಡಿಲವಾಗಿದೆ. ಮುಂದಿನದ್ದು ಕೊಳವೆಯದೇ ತಗೊಳ್ಳುತ್ತೇವೆ, ಅದಕ್ಕೆಂದೇ ಪ್ರತಿ ತಿಂಗಳು ಸ್ವಲ್ಪ ಎತ್ತಿಡುತ್ತಿದ್ದೇವೆ. ಈ ಸಲ ಅಂಗಡಿಯಲ್ಲೇ ಪಂಪ್ ಓಡಿಸಿ, ಪೈಪ್ ಕಿತ್ತು, ಅಲಾರಂ ಕೂಗುತ್ತದೋ ಇಲ್ಲವೋ ಕೇಳಿಸಿಕೊಂಡೇ ದುಡ್ಡು ಕೊಡುವುದು.